ಪಾಮೇರಿಯನ್ ನಾಯಿಯ ಮೂಲ, ರೂಪ, ಸ್ವಭಾವ ಹೇಗೆ? ಮಡಿಕೇರಿಯ ಮಳೆಗೆ ಅದು ಒಗ್ಗುತ್ತದೆಯೇ?

ಮಡಿಕೇರಿಗೆ ವರ್ಗವಾಗಿ ಬರಲಿರುವ ತಾವು ಆರು ವರ್ಷದ ಮಗಳಿಗಾಗಿ ಪಾಮೇರಿಯನ್ ಮರಿ ತರಬೇಕೆಂದು ಬರೆದಿದ್ದೀರಿ. ವಿರಾಜಪೇಟೆ ಬಳಿಯ ನಮ್ಮ ತೋಟದ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಈ ತಳಿಯ ಹೆಣ್ಣುನಾಯಿಯೊಂದು ಇರುವುದರಿಂದ ಉತ್ತರಿಸುತ್ತಿದ್ದೇನೆ.

ಮೊದಲಿಗೆ ಒಂದು ಎಚ್ಚರಿಕೆಯ ಮಾತು. ನಮ್ಮ ಕಡೆ ಬಿಳಿ ಕೂದಲಿನ, ಚೂಪು ಮೂತಿಯ ನಾಯಿಗಳನ್ನೆಲ್ಲ ಪಾಮೇರಿಯನ್ ಎಂದೇ ಕರೆಯುವುದು ರೂಢಿಯಾಗಿದ್ದರೂ ಅವುಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಅವುಗಳಲ್ಲಿ ಚಿಕ್ಕವೂ 5ರಿಂದ 7 ಕಿಲೋ ತೂಗುತ್ತವೆ. ನಿಜವಾದ ಪಾಮೇರಿಯನ್ 1.4ರಿಂದ 3.2 ಕಿಲೋ ಮಾತ್ರ. ಮರಿ ಕೊಳ್ಳುವಾಗ ತಾಯಿನಾಯಿಯನ್ನು ಕಣ್ಣಾರೆ ನೋಡದೆ ಹಣ ಕೊಡಬೇಡಿ.

ಬಾಲ್ಟಿಕ್ ಕಡಲ ದಂಡೆಯಲ್ಲಿ, ಇಂದಿನ ಪೋಲೆಂಡ್ ಮತ್ತು ಜರ್ಮನಿಗಳಲ್ಲಿ ಹಂಚಿಹೋಗಿರುವ ಪಾಮೇರೇನಿಯಾ ಪ್ರಾಂತ್ಯದಿಂದ ಇದಕ್ಕೆ ಹೆಸರು ಬಂದಿದೆ. ಹಿಮನಾಡಿನ ಸ್ಪಿಟ್ಜ್ ನಾಯಿಗಳ ಬಳಗಕ್ಕೆ ಸೇರಿದ ಇದರ ಪೂರ್ವಜರು ಗಾತ್ರದಲ್ಲಿ ಬಹಳ ದೊಡ್ಡವು. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ನಿಂದ ಮಾರ್ಕೊ ಎಂಬ ಚಿಕ್ಕ ನಾಯಿಯನ್ನು ತಂದು ಸಾಕಿದ ಮೇಲೆ ಸಣ್ಣ ಗಾತ್ರದವುಗಳಿಗೇ ಬೇಡಿಕೆ ಹೆಚ್ಚಿ, ತಳಿಗಾರರು ಅಂಥವನ್ನೇ ಆರಿಸಿ ಬೆಳೆಸಿದರು. 1901ರಲ್ಲಿ ರಾಣಿ ತೀರಿಕೊಂಡಾಗ ಅವಳ ಹಾಸಿಗೆಯ ಬಳಿ ಇದ್ದುದೂ ಟುರಿ ಎಂಬ ಪಾಮೇರಿಯನ್ನೇ.

ನರಿಯಂಥ ಮುಖ, ಪುಟ್ಟ ನೆಟ್ಟನೆಯ ಕಿವಿ, ಬೆನ್ನ ಮೇಲೆ ಗರಿಯಂತೆ ಹರಡಿದ ಬಾಲ ಇದರ ಗುರುತು. ಕೂದಲು ಎರಡು ಪದರ: ಒಳಗೆ ಹತ್ತಿಯಂತೆ ಮೃದು, ಹೊರಗೆ ಉದ್ದ ಮತ್ತು ಒರಟು. ಕಿತ್ತಳೆ ಬಣ್ಣದವು ಹೆಚ್ಚಾಗಿ ಕಾಣಸಿಗುತ್ತವೆ. ಐದಾರು ತಿಂಗಳಲ್ಲಿ ಮರಿಗೂದಲು ಉದುರಿ ಮೈ ಬಡಕಲಾಗಿ ಕಾಣುತ್ತದೆ. ನಾವೂ ಆಗ ರೋಗವೆಂದು ಹೆದರಿದ್ದೆವು, ಆದರೆ ಅದು ಸಹಜ ಬೆಳವಣಿಗೆ.

ಸ್ವಭಾವವನ್ನು ಹೇಳುವುದಾದರೆ, ದೇಹ ಕುಗ್ಗಿದರೂ ಪೂರ್ವಜರ ಧೈರ್ಯ ಕುಗ್ಗಿಲ್ಲ. ಕಣದಲ್ಲಿ ಕಾಫಿ ಹರವಿದ ದಿನಗಳಲ್ಲಿ ನಮ್ಮದು ಜಗಲಿಯ ಮೆಟ್ಟಿಲ ಮೇಲೆಯೇ ಕುಳಿತಿದ್ದು, ಗೇಟಿನ ಆಚೆ ಜೀಪಿನ ಸದ್ದು ಕೇಳಿದೊಡನೆ ಕಿವಿ ಮುಂದಕ್ಕೆ ಚಾಚಿ ಬೊಗಳಲು ಶುರುಮಾಡುತ್ತದೆ. ತನಗಿಂತ ಹತ್ತು ಪಟ್ಟು ದೊಡ್ಡ ಬೇಟೆನಾಯಿಗಳ ಮೇಲೂ ಏರಿಹೋಗುವುದರಿಂದ ಹೊರಗೆ ಒಂಟಿಯಾಗಿ ಬಿಡಬಾರದು. ಚಿರತೆ ಸುಳಿದಾಡುವ ತೋಟಗಳಲ್ಲಂತೂ ಸಂಜೆಯ ಮೇಲೆ ಖಂಡಿತ ಬೇಡ. ಮನೆಯವರನ್ನು ಬಹಳ ಹಚ್ಚಿಕೊಳ್ಳುತ್ತದೆ, ಜಾಣತನವೂ ಇದೆ. ಆದರೆ ಎಲುಬು ಸೂಕ್ಷ್ಮ. ಮಗಳು ಎತ್ತಿಕೊಂಡು ಕೈಜಾರಿಸಿದರೆ ಕಾಲು ಮುರಿಯಬಹುದು. ನೆಲದ ಮೇಲೆ ಕುಳಿತೇ ಆಡಿಸಲು ಕಲಿಸಿ. ಶ್ವಾಸನಾಳವೂ ದುರ್ಬಲವಾದ್ದರಿಂದ ಕುತ್ತಿಗೆ ಪಟ್ಟಿಯ ಬದಲು ಎದೆಗೆ ಕಟ್ಟುವ ಹಾರ್ನೆಸ್ ಒಳ್ಳೆಯದು.

ಕೊಡಗಿನ ಚಳಿ ಇದಕ್ಕೆ ಲೆಕ್ಕವಿಲ್ಲ, ತೊಂದರೆ ಕೊಡುವುದು ತೇವ. ಆಷಾಢದ ಮಳೆಯಲ್ಲಿ ಹೊರಪದರ ಒಣಗಿದಂತೆ ಕಂಡರೂ ಒಳಪದರ ಒದ್ದೆಯಾಗಿಯೇ ಉಳಿದು ಚರ್ಮ ಕೆಡುತ್ತದೆ. ಒಮ್ಮೆ ನಮ್ಮ ನಾಯಿಯ ಕಂಕುಳಲ್ಲಿ ಬೆರಳಾಡಿಸಿದಾಗ ಮುಗ್ಗಲು ವಾಸನೆಯೊಂದಿಗೆ ಕೆಂಪು ಗಾಯ ಸಿಕ್ಕಿತ್ತು. ಅಂದಿನಿಂದ ಟವೆಲಿನಲ್ಲಿ ಒರೆಸಿ, ಬೆಚ್ಚಗಿನ ಗಾಳಿ ಹಾಯಿಸಿ, ಬುಡದವರೆಗೂ ಬಾಚುತ್ತೇವೆ. ಜಿಗಣೆ, ಉಣ್ಣಿಗಳೂ ಆಗಲೇ ಕಣ್ಣಿಗೆ ಬೀಳುತ್ತವೆ. ಈ ಕಷ್ಟ ತಪ್ಪಿಸಲೆಂದು ಕೂದಲನ್ನು ಮಾತ್ರ ಬೋಳಿಸಬೇಡಿ. ಎಷ್ಟೋ ನಾಯಿಗಳಲ್ಲಿ ಅದು ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ.