ಕ್ಲಾಸಲ್ಲಿ ಬಾಯಿ ಬಿಡದ ಹುಡುಗಿ, ಮೀಟಿಂಗಿಗೆ ಬರದ ಅಪ್ಪ ಅಮ್ಮ

ಪ್ರಶ್ನೆ: ನಾನು ನಾಲ್ಕನೇ ಕ್ಲಾಸಿನ ಟೀಚರ್. ಬೇರೆ ಬೇರೆ ಭಾಷೆಯ, ಬೇರೆ ಬೇರೆ ಕಡೆಯಿಂದ ಬಂದ ಮಕ್ಕಳಿದಾರೆ. ಒಬ್ಳು ಹುಡುಗಿ ಪ್ರಶ್ನೆ ಕೇಳಿದ್ರೆ ಸುಮ್ನೆ ನಿಂತಿರ್ತಾಳೆ, ಗದರಿದ್ರೆ ಮುಖಾನೇ ನೋಡಲ್ಲ, ಆಟದ ಟೈಮಲ್ಲಿ ಮಾತ್ರ ಚೆನ್ನಾಗೇ ಮಾತಾಡ್ತಾಳೆ. ಅವಳ ಅಪ್ಪ ಅಮ್ಮ ಪೇರೆಂಟ್ಸ್ ಮೀಟಿಂಗಿಗೆ ಒಂದ್ಸಲಾನೂ ಬಂದಿಲ್ಲ. ಇದು ಅಸಡ್ಡೆನಾ, ಇಲ್ಲಾ ಅವರ ಸಂಸ್ಕೃತಿನೇ ಹಾಗಾ?

ಉತ್ತರ: ಮೇಡಂ, ಅಸಡ್ಡೆ ಅನ್ನೋ ಮಾತನ್ನ ಸದ್ಯಕ್ಕೆ ಪಕ್ಕಕ್ಕಿಡಿ, "ಅವರ ಸಂಸ್ಕೃತಿನೇ ಹಾಗೆ" ಅನ್ನೋದನ್ನೂ ಜೊತೆಗೇ ಇಟ್ಬಿಡಿ, ಯಾಕಂದ್ರೆ ಎರಡರಲ್ಲೂ ನಾವು ಆ ಮನೆಯವರನ್ನ ಒಂದು ಮಾತೂ ಕೇಳದೇ ತೀರ್ಮಾನ ಮಾಡ್ಬಿಟ್ಟಿರ್ತೀವಿ.

ಎಷ್ಟೋ ಮನೆಗಳಲ್ಲಿ ದೊಡ್ಡವರು ಬೈಯುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೆ ಅದು ಪೊಗರು, ತಲೆ ತಗ್ಗಿಸೋದೇ ಮರ್ಯಾದೆ. ಹಾಗೆ ಬೆಳೆದ ಮಗೂಗೆ ನಾವು "ನನ್ನ ಮುಖ ನೋಡು" ಅಂತ ಗದರಿದ್ರೆ, ಪಾಪ, ಮನೇಲಿ ಕಲಿಸಿದ ಒಳ್ಳೆ ನಡತೆಗೇ ಅದು ಇನ್ನೊಂದು ಸಲ ಬೈಸ್ಕೊಳ್ಳುತ್ತೆ. ನಿಮ್ಮ ಹುಡುಗಿ ವಿಷಯದಲ್ಲೂ ಇದೇ ಅಂತ ನಾನು ಹೇಳ್ತಿಲ್ಲ. ಹೀಗೂ ಇರಬಹುದು, ಕೇಳಿ ತಿಳ್ಕೊಳ್ಳಿ.

ಇನ್ನು ಮಾತಿನ ವಿಷಯ. ಅಮೆರಿಕಾದ ಆರೆಗಾನ್ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಮೂಲನಿವಾಸಿ ಮಕ್ಕಳ ಕ್ಲಾಸುಗಳನ್ನ ಕೂತು ನೋಡಿದ ಸಂಶೋಧಕಿ ಸೂಸನ್ ಫಿಲಿಪ್ಸ್ 1972ರಲ್ಲೇ ಒಂದು ವಿಷಯ ಬರೆದಿದ್ರು: ಎಲ್ಲರ ಮುಂದೆ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದ್ರೆ ಸುಮ್ಮನಾಗ್ತಿದ್ದ ಅದೇ ಮಕ್ಕಳು ಚಿಕ್ಕ ಗುಂಪಲ್ಲಿ ತಮ್ಮ ಪಾಡಿಗೆ ಬಿಟ್ರೆ, ಇಲ್ಲಾ ಟೀಚರ್ ಹತ್ರ ಒಬ್ರೇ ಹೋದ್ರೆ ಸಲೀಸಾಗಿ ಮಾತಾಡ್ತಿದ್ರು. ಅವರ ಮನೆಗಳಲ್ಲಿ ಮಕ್ಕಳು ಮೊದಲು ನೋಡಿ, ಆಮೇಲೆ ಒಬ್ರೇ ಮಾಡಿ ನೋಡಿ, ಸರಿ ಬಂತು ಅನ್ಸಿದ ಮೇಲೇ ನಾಲ್ಕು ಜನರಿಗೆ ತೋರಿಸೋ ರೂಢಿ. ಹಾಗಾಗಿ ನಿಮ್ಮ ಹುಡುಗಿ ಯಾವಾಗ ಮಾತಾಡ್ತಾಳೆ, ಯಾರ ಜೊತೆ, ಎಲ್ಲಿ ಕೂತಾಗ ಅಂತ ಒಂದು ವಾರ ಗಮನಿಸಿ. ಪ್ರಶ್ನೆ ಕೇಳಿದ ತಕ್ಷಣ ಕೈ ಎತ್ಸೋ ಬದಲು ಮೊದಲು ಪಕ್ಕದವರ ಜೊತೆ ಮಾತಾಡ್ಕೊಳ್ಳಿ ಅಂತ ಬಿಡಿ, ಆಮೇಲೆ ಇಬ್ಬರನ್ನೂ ಸೇರಿಸಿ ಕೇಳಿ. ಕೇಳಿದ ಮೇಲೆ ಸ್ವಲ್ಪ ಕಾಯಿರಿ ಕೂಡ. ಟೀಚರುಗಳು ಉತ್ತರಕ್ಕೆ ಸರಾಸರಿ 1 ಸೆಕೆಂಡ್ ಅಷ್ಟೇ ಕಾಯ್ತಾರೆ, ಅದನ್ನ 3 ಸೆಕೆಂಡ್ ಮಾಡಿದ್ರೆ ಸಾಮಾನ್ಯವಾಗಿ ಮಾತಾಡದ ಮಕ್ಕಳೂ ಬಾಯಿ ಬಿಡ್ತಾರೆ ಅಂತ ಅಮೆರಿಕಾದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ರು.

ಆಟದಲ್ಲಿ ಚೆನ್ನಾಗಿ ಮಾತಾಡ್ತಾಳೆ ಅಂದ್ರಲ್ಲ, ಅದನ್ನ ನೋಡಿ "ಭಾಷೆ ಬರುತ್ತೆ, ಬೇಕಂತ ಸುಮ್ಮನಿದಾಳೆ" ಅಂದ್ಕೋಬೇಡಿ. ಹೊಸ ಭಾಷೇಲಿ ಆಡೋ ಮಾತು ಎರಡು ವರ್ಷದಲ್ಲಿ ಬರಬಹುದು, ಪಾಠದ ಭಾಷೆ ಕೈಗೆ ಹತ್ತೋಕೆ ಐದು ವರ್ಷಾನೋ ಇನ್ನೂ ಜಾಸ್ತಿನೋ ಬೇಕು ಅಂತ ಎರಡು ಭಾಷೆಯ ಮಕ್ಕಳ ಕಲಿಕೆ ಬಗ್ಗೆ ಸಂಶೋಧನೆ ಮಾಡಿದ ಜಿಮ್ ಕಮಿನ್ಸ್ ಕೆಲಸದಿಂದ ನಮಗೆ ಗೊತ್ತಾಗಿರೋದು. ಹಾಗಂತ ಎಲ್ಲಾನೂ ಸಂಸ್ಕೃತಿ, ಭಾಷೆ ಅಂತ ಬಿಟ್ಬಿಡಬೇಡಿ, ಕಿವಿ ಸರಿಯಾಗಿ ಕೇಳ್ಸುತ್ತಾ ಅಂತ ಒಂದ್ಸಲ ಟೆಸ್ಟ್ ಮಾಡ್ಸಿ.

ಅಪ್ಪ ಅಮ್ಮ ಬರಲ್ಲ ಅನ್ನೋದಕ್ಕೆ ಕಾರಣ ನೂರು ಇರುತ್ತೆ. ಡ್ಯೂಟಿ ಟೈಮು, ಭಾಷೆ ಬರದ ಸಂಕೋಚ, ಸ್ಕೂಲಿಂದ ಕರೆದ್ರೆ ದೂರೇ ಇರುತ್ತೆ ಅನ್ನೋ ಭಯ, ಟೀಚರ್ ಕೆಲಸದಲ್ಲಿ ನಾವು ತಲೆ ಹಾಕ್ಬಾರ್ದು ಅನ್ನೋ ಗೌರವ. ಮೊದಲ ಫೋನ್ ಅವಳ ಬಗ್ಗೆ ಒಂದು ಒಳ್ಳೆ ಮಾತು ಹೇಳೋಕೆ ಮಾಡಿ. ಆಮೇಲೆ ಕೇಳಿ, ಮನೇಲಿ ಅವಳಿಗೆ ಯಾವ ಕೆಲಸ ಇಷ್ಟ, ಬೇಜಾರಾದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ ಅಂತ. ಭಾಷೆ ಬರದಿದ್ರೆ ದಯವಿಟ್ಟು ಆ ಮಗು ಕೈಲೇ ಅನುವಾದ ಮಾಡಿಸಬೇಡಿ, ತನ್ನ ಮೇಲಿನ ದೂರನ್ನ ತಾನೇ ಅಪ್ಪನಿಗೆ ಹೇಳೋ ಹಾಗೆ ಆಗುತ್ತೆ.

ಅಮೆರಿಕಾದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ಶಿಕ್ಷಣ ಸಂಶೋಧಕ ಲೂಯಿಸ್ ಮೋಲ್ ತಂಡದ ಟೀಚರುಗಳು ಮಕ್ಕಳ ಮನೆಗೆ ಹೇಳಿಕೊಡೋಕಲ್ಲ, ಕಲಿಯೋಕೆ ಅಂತ ಹೋದ್ರು, 1992ರಲ್ಲಿ ಅದರ ಬಗ್ಗೆ ಬರೆದ್ರು. ಒಬ್ಬ ಹುಡುಗ ಮೆಕ್ಸಿಕೋದ ಮಿಠಾಯಿ ಮಾರ್ತಿದ್ದ ಅಂತ ಗೊತ್ತಾದ್ಮೇಲೆ ಕ್ಲಾಸಲ್ಲಿ ಮಿಠಾಯಿ ಮೇಲೇ ಪಾಠ ಶುರುವಾಯ್ತು, ಅದರಲ್ಲಿ ಏನೇನು ಹಾಕ್ತಾರೆ ಅಂತ ಹೋಲಿಸಿ ನೋಡಿದ್ರು, ಕೊನೆಗೆ ಒಬ್ಬ ಮಗುವಿನ ತಾಯಿನೇ ಬಂದು ಮಾಡೋದು ಹೇಳ್ಕೊಟ್ರು. ಮೀಟಿಂಗಿಗೆ ಬರದ ಮನೆಯವರು ಇಂಥ ಕರೆಗೆ ಬರಬಹುದು, ಟ್ರೈ ಮಾಡಿ.

ಪ್ರಶ್ನೆ: ಮಗ ಹಿಂದೆ ಬೀಳ್ತಿದಾನೆ, ಮನೇಲಿ ನಿಮ್ಮ ಭಾಷೆ ನಿಲ್ಲಿಸಿ ಅಂತ ಸ್ಕೂಲಲ್ಲಿ ಹೇಳಿದಾರೆ. ನಿಲ್ಲಿಸ್ಬೇಕಾ?

ಉತ್ತರ: ಬೇಡ. ಮನೆ ಭಾಷೆ ಗಟ್ಟಿಯಾಗಿದ್ರೆ ಎರಡನೇದು ಕಲಿಯೋಕೆ ಅದೇ ಆಸರೆ, ನಿಮಗೆ ಅರ್ಧಂಬರ್ಧ ಬರೋ ಭಾಷೇಲಿ ಮಾತಾಡಿದ್ರೆ ಮನೇಲಿ ಮಾತೇ ಕಮ್ಮಿಯಾಗುತ್ತೆ. ಮಗುವಿನ ಸ್ವಂತ ಭಾಷೆ, ಅಪ್ಪ ಅಮ್ಮ ಇವರ ಬಗ್ಗೆ ಗೌರವ ಬೆಳೆಸೋದು ಶಿಕ್ಷಣದ ಗುರಿ ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿಯಲ್ಲೇ ಇದೆ, ಸ್ಕೂಲಿನವರಿಗೆ ಧೈರ್ಯವಾಗಿ ಹೇಳಿ. ರಾತ್ರಿ ಕಥೆನ ನಿಮ್ಮ ಭಾಷೇಲೇ ಹೇಳ್ತಾ ಇರಿ, ಅವನು ಹಿಂದೆ ಬೀಳ್ತಿರೋದು ಯಾವ ಪಾಠದಲ್ಲಿ, ಎಲ್ಲಿ ಸಿಕ್ಕಿ ಹಾಕ್ಕೊಳ್ತಿದಾನೆ ಅಂತ ನೋಟ್‌ಬುಕ್ ತೆಗೆದು ತೋರ್ಸಿ ಅಂತ ಟೀಚರನ್ನ ಕೇಳಿ.