ತೋಟದ ಪ್ರಶ್ನೆ, ಅಕ್ಕನ ಉತ್ತರ: ದಾಳಿಂಬೆ ಪೆಟ್ಟಿಗೆ ತುಂಬೋಕೆ ರೋಬೋಟ್ ತರೋಣವಾ?

ಪ್ರಶ್ನೆ: ಅಕ್ಕಾರೆ, ನಮಸ್ಕಾರ. ನಮ್ಮದು ಕುಷ್ಟಗಿ ಹತ್ತಿರದ ಹಳ್ಳಿ. ನಾವು ಆರು ಮಂದಿ ರೈತರು ಭಗವಾ ತಳಿಯ ದಾಳಿಂಬೆ ಹಾಕಿದ್ದೇವೆ. ಎಲ್ಲರದೂ ಹಸ್ತ ಬಹಾರ, ಅಂದರೆ ಸೆಪ್ಟೆಂಬರ್-ಅಕ್ಟೋಬರ್ ಹೂವಿನ ಬೆಳೆ. ಕೊಯ್ಲಿನ ಹೊತ್ತಿಗೆ ಆಳು ಸಿಗೋದಿಲ್ಲ. ಮೊನ್ನೆ ಏಜೆಂಟ್ ಒಬ್ಬರು ಮೊಬೈಲ್‌ನಲ್ಲಿ ವಿಡಿಯೋ ತೋರಿಸಿದರು. ರೋಬೋಟ್ ತಾನೇ ಹಣ್ಣು ನೋಡುತ್ತೆ, ಆರಿಸುತ್ತೆ, ಪೆಟ್ಟಿಗೆಗೆ ಇಡುತ್ತೆ. ಸಾಲ ಮಾಡಿ ತರೋಣ ಅಂತ ಮೂವರು, ಬೇಡ ಅಂತ ಮೂವರು. ಏನು ಮಾಡೋಣ?
– ಒಬ್ಬ ರೈತ, ಕುಷ್ಟಗಿ ತಾಲ್ಲೂಕು

ಉತ್ತರ: ತಮ್ಮಾ, ಸಾಲದ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ. ಆ ವಿಡಿಯೋದಲ್ಲಿ ಇದ್ದದ್ದು ಯಾವ ಹಣ್ಣು? ಸೇಬು ಇರಬೇಕು. ನ್ಯೂಜಿಲೆಂಡ್‌ನಲ್ಲಿ ಹಣ್ಣು ಆರಿಸಿ ಪೆಟ್ಟಿಗೆ ತುಂಬೋ ಪ್ಯಾಕ್‌ಹೌಸ್‌ಗಳಲ್ಲಿ ರೋಬೋಟ್‌ಗಳು ಸೇಬನ್ನು ಒಂದೊಂದಾಗಿ ಎತ್ತಿ, ಕೆಂಪು ಬದಿ ಮೇಲೆ ಬರೋ ಹಾಗೆ ತಿರುಗಿಸಿ ಜೋಡಿಸುತ್ತವೆ. ನೋಡೋಕೆ ಬಹಳ ಚೆಂದ. ಸೇಬು ದುಂಡಗೆ, ಸಿಪ್ಪೆ ನುಣುಪು. ಗಾಳಿ ಎಳೆಯುವ ರಬ್ಬರ್ ಬಟ್ಟಲು ಅದಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ.

ಈಗ ನಿಮ್ಮದೇ ತೋಟದ ಒಂದು ದಾಳಿಂಬೆ ಕೈಗೆ ತಗೊಂಡು ಬೆರಳಾಡಿಸಿ. ಪೂರ್ತಿ ದುಂಡಗಿಲ್ಲ, ಅಲ್ವಾ? ಐದಾರು ಏಣು ಇವೆ. ಏಣಿನ ಮೇಲೆ ಬಟ್ಟಲು ಕೂತರೆ ಸಂದಿಯಲ್ಲಿ ಗಾಳಿ ನುಗ್ಗುತ್ತೆ, ಹಣ್ಣು ಜಾರುತ್ತೆ. ಗಾಳಿ ತುಂಬಿದರೆ ಬಾಗಿ ಹಣ್ಣನ್ನು ಅಪ್ಪಿಕೊಳ್ಳುವ ಮೆತ್ತನೆ ಸಿಲಿಕೋನ್ ಬೆರಳುಗಳೂ ಬಂದಿವೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ನಡೆದ ಕೆಲಸದಿಂದ 2013ರಲ್ಲಿ ಅದಕ್ಕಂತಲೇ ಒಂದು ಕಂಪನಿ ಹುಟ್ಟಿತು. ಅಂಥ ಬೆರಳು ದಾಳಿಂಬೆಯನ್ನೂ ಎತ್ತುತ್ತೆ. ಕಷ್ಟ ಇರೋದು ಇಡುವಾಗ. ಒಂದು ಹಣ್ಣಿನ ತುದಿಯ ಚೂಪು ಕಿರೀಟ ಪಕ್ಕದ್ದರ ಸಿಪ್ಪೆಗೆ ಚುಚ್ಚಬಾರದು. ಚುಚ್ಚಿದ ಜಾಗ ಎರಡು ದಿನದಲ್ಲಿ ಕಪ್ಪಾಗಿ, ಅಲ್ಲಿಂದಲೇ ಕೊಳೆ ಶುರು. ನಮ್ಮ ಹೆಣ್ಣುಮಕ್ಕಳು ಕಿರೀಟ ನೋಡಿಕೊಂಡೇ ಹಣ್ಣನ್ನು ಓರೆ ಮಾಡಿ ಕೂರಿಸುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ.

ಇನ್ನು ಯಂತ್ರದ ಕಣ್ಣು. ಹಣ್ಣು ಉರುಳುತ್ತಾ ಹೋಗುವಾಗ ಕ್ಯಾಮೆರಾ ನಾಲ್ಕೂ ಕಡೆಯಿಂದ ಫೋಟೋ ತೆಗೆದು ಬಣ್ಣ, ಗಾತ್ರ, ಕಲೆ ಅಳೆಯುತ್ತೆ. ಆದರೆ ಮೊದಲು ಯಾವ ಫೋಟೋ ತೋರಿಸಿ ಕಲಿಸಿದ್ದಾರೋ ಅಷ್ಟೇ ಅದಕ್ಕೆ ಗೊತ್ತು. ನನ್ನ ಅನುಭವ ಹೇಳ್ತೀನಿ. ಒಮ್ಮೆ ಕ್ಯಾಮೆರಾ ಗ್ರೇಡಿಂಗ್ ಇದ್ದ ಪ್ಯಾಕ್‌ಹೌಸ್‌ಗೆ ಹಣ್ಣು ಕಳಿಸಿದ್ದೆ. ಅರ್ಧಕ್ಕರ್ಧ ಮೂರನೇ ದರ್ಜೆಗೆ ಬಿತ್ತು. ಓಡಿ ಹೋಗಿ ನೋಡಿದರೆ ರೋಗ ಇಲ್ಲ, ರೋಗ ಬಾರದಂತೆ ಸಿಂಪಡಿಸೋ ಬೋರ್ಡೋ ದ್ರಾವಣದ ತಿಳಿನೀಲಿ ಕಲೆ! ಒದ್ದೆ ಬಟ್ಟೆಯಲ್ಲಿ ಒರೆಸಿ ಅದೇ ಬೆಲ್ಟ್ ಮೇಲೆ ಮತ್ತೆ ಹಾಕಿಸಿದೆ. ಹೆಚ್ಚಿನವು ಮೊದಲ ದರ್ಜೆಗೆ ಬಂದವು. ನಾನು ಆ ದಿನ ಹೋಗದೇ ಇದ್ದಿದ್ದರೆ ವರ್ಷದ ದುಡಿಮೆಯೇ ಹೋಗುತ್ತಿತ್ತು. ಹಾಗಾಗಿ ಏಜೆಂಟ್‌ಗೆ ಒಂದೇ ಮಾತು ಹೇಳಿ: ನಮ್ಮ ತೋಟದ 10 ಕ್ರೇಟ್ ಹಣ್ಣು ತರ್ತೀವಿ, ನಮ್ಮ ಕಣ್ಣೆದುರಿಗೆ ಓಡಿಸಿ ತೋರಿಸಿ. ಮಣ್ಣು ಮೆತ್ತಿದ್ದು, ಬಿಸಿಲಿಗೆ ಸುಟ್ಟದ್ದು, ಔಷಧಿ ಕಲೆಯದ್ದು, ಎಲ್ಲಾ ಬೆರೆಸಿ ಒಯ್ಯಿರಿ.

ಹೊರಗೆ ಚೆಂದ ಇದ್ದು ಒಳಗೆ ಕಾಳು ಕಪ್ಪಾದ ಹಣ್ಣು ಸಾದಾ ಕ್ಯಾಮೆರಾಕ್ಕೆ ಕಾಣೋದೇ ಇಲ್ಲ. ಎಕ್ಸ್‌ರೇ ಬೇಕಾಗುತ್ತೆ, ಖರ್ಚು ಇನ್ನೂ ಜಾಸ್ತಿ. ಅಂಥ ಹಣ್ಣು ಗಾತ್ರಕ್ಕೆ ತಕ್ಕ ತೂಕ ಇರೋದಿಲ್ಲ, ಬಣ್ಣವೂ ಸ್ವಲ್ಪ ಮಂಕು. ಪಳಗಿದ ಕೈಗೆ ಎತ್ತಿದ ಕೂಡಲೇ ಗೊತ್ತಾಗುತ್ತೆ.

ಮತ್ತೆ, ಆರೂ ಮಂದಿಯದು ಒಂದೇ ಬಹಾರ ಅಂತೀರಿ. ಅಂದರೆ ಯಂತ್ರಕ್ಕೆ ಕೆಲಸ ವರ್ಷದಲ್ಲಿ ಕೆಲವೇ ವಾರ. ಕಂತು ಮಾತ್ರ ಹನ್ನೆರಡೂ ತಿಂಗಳು. ನನ್ನ ಮಾತು ಕೇಳೋದಾದರೆ, ತೂಕದ ಮೇಲೆ ಹಣ್ಣು ಬೇರೆ ಮಾಡುವ ಸಣ್ಣ ಗ್ರೇಡಿಂಗ್ ಯಂತ್ರವೊಂದನ್ನು ಸೇರಿ ತನ್ನಿ. ಒಂದು ಪೆಟ್ಟಿಗೆಗೆ 300 ಗ್ರಾಂನ ಹನ್ನೆರಡು ಹಣ್ಣು ಅಂದರೆ 3.6 ಕಿಲೋ. ಈ ಲೆಕ್ಕ ತಪ್ಪದೆ ಮಾಡೋಕೆ ಯಂತ್ರವೇ ವಾಸಿ, ಆಳಿನ ಹೊತ್ತೂ ಉಳಿಯುತ್ತೆ. ಆರಿಸೋದು, ಕೂರಿಸೋದು ಸದ್ಯಕ್ಕೆ ಕೈಯಲ್ಲೇ ಇರಲಿ. ಉಳಿದ ದುಡ್ಡಿದ್ದರೆ ಒಳ್ಳೆ ಕತ್ತರಿ ಕೊಳ್ಳಿ. ತೊಟ್ಟು ಉದ್ದ ಬಿಟ್ಟು ಕೊಯ್ದರೆ ಅದು ಪಕ್ಕದ ಹಣ್ಣಿಗೆ ಚುಚ್ಚುತ್ತೆ, ಯಾವ ರೋಬೋಟೂ ಆ ಹಣ್ಣನ್ನು ಉಳಿಸಲಾರದು.

ಪ್ರಶ್ನೆ: ಅಕ್ಕಾರೆ, ನಾನು ದಾಳಿಂಬೆ ಆರಿಸೋ ಕೂಲಿ ಕೆಲಸದಾಕೆ. ಶಾಲೆಗೆ ಹೋಗಿಲ್ಲ, ಇದನ್ನ ಮಗನ ಕೈಲಿ ಬರೆಸಿದ್ದೀನಿ. ಯಂತ್ರಕ್ಕೆ ಹಣ್ಣು ಗುರುತಿಸೋದು ಮನುಷ್ಯರೇ ಕಲಿಸಬೇಕು ಅಂತಾನೆ ಅವನು. ನಿಜವಾ?
– ಒಬ್ಬ ತಾಯಿ, ಯಲಬುರ್ಗಾ ತಾಲ್ಲೂಕು

ಉತ್ತರ: ನಿಜ ತಂಗೀ. ಸಾವಿರಾರು ಫೋಟೋ ಮುಂದಿಟ್ಟುಕೊಂಡು ಇದು ಅಂಗಮಾರಿ ರೋಗ, ಇದು ಬಿಸಿಲಿನ ಕಲೆ ಅಂತ ಯಾರಾದರೂ ಹೇಳಲೇಬೇಕು. ಅಂಗಮಾರಿಯ ಎಣ್ಣೆಚುಕ್ಕಿಯ ನಡುವೆ ಕವಲೊಡೆದ ಸೀಳು ಇರುತ್ತೆ, ಬಿಸಿಲಿನ ಕಲೆಗೆ ಸೀಳು ಇರೋದಿಲ್ಲ. ಇದನ್ನು ನಾನು ನಿಮಗೆ ಹೇಳಬೇಕಾ? ನಿಮಗೆ ಗೊತ್ತಿರೋದೇ. ಅದನ್ನು ಹೇಳೋಕೆ ಓದು ಬರಹ ಬೇಡ, ಬೆರಳು ತೋರಿಸಿದರೆ ಸಾಕು. ಯಾರಾದರೂ ಆ ಕೆಲಸಕ್ಕೆ ಕರೆದರೆ ದಿನಗೂಲಿ ದರಕ್ಕೆ ಒಪ್ಪಬೇಡಿ. ಗ್ರೇಡಿಂಗ್ ಮೇಸ್ತ್ರಿಗೆ ಕೊಡುವ ದರವನ್ನೇ ಕೇಳಿ, ಮಾತು ಮುಗಿದ ಮೇಲೆ ಮಗನ ಕೈಲಿ ಕಾಗದದ ಮೇಲೆ ಬರೆಸಿಕೊಳ್ಳಿ.