ಗುಂಪಿನಲ್ಲಿ ಸಿಟ್ಟು, ದೂರಿಗೆ ಸಹಿ ಇಲ್ಲ: ಏಕೆ?

ಕಾಸರಗೋಡಿನ ನಿಮ್ಮ ವಾರ್ಡಿನ ರಸ್ತೆ ಕಳಪೆ ಎಂದು ವಾಟ್ಸಾಪಿನಲ್ಲಿ ಎಲ್ಲರೂ ಬರೆಯುತ್ತಾರೆ, ದೂರಿಗೆ ಮಾತ್ರ ಯಾರೂ ಸಹಿ ಹಾಕುವುದಿಲ್ಲ, ಏಕೆ ಎಂದು ಕೇಳಿದ್ದೀರಿ. ಜನರನ್ನು ಗುಂಪಿಗೆ ಎಳೆಯುವುದು ಸಿಟ್ಟು; ಉಳಿಸಿಕೊಳ್ಳುವುದು ‘ಇದರಿಂದ ಏನಾದರೂ ಆದೀತು’ ಎಂಬ ನಂಬಿಕೆ. 2011ರಲ್ಲಿ ಅಣ್ಣಾ ಹಜಾರೆಯವರ ಲೋಕಪಾಲ ಚಳವಳಿಗೆ ಬೆಂಬಲವಾಗಿ ಅಷ್ಟೊಂದು ಮಿಸ್ಡ್ ಕಾಲ್ ಬಂದದ್ದು ಅದಕ್ಕೆ ಖರ್ಚೂ ಇರಲಿಲ್ಲ, ಭಯವೂ ಇರಲಿಲ್ಲ ಎಂದೇ. ಸಹಿ ಹಾಗಲ್ಲ. ಗುತ್ತಿಗೆದಾರ ನೆರೆಯವನೇ ಆಗಿರುತ್ತಾನೆ, ನಾಳೆ ಮದುವೆಮನೆಯಲ್ಲಿ ಎದುರಾಗುತ್ತಾನೆ.

ಆದ್ದರಿಂದ ಮೊದಲು ದಾಖಲೆ ತನ್ನಿ. ಒಬ್ಬರ ಹೆಸರಿನಲ್ಲಿ ಮಾಹಿತಿ ಹಕ್ಕು ಅರ್ಜಿ ಸಾಕು: 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ, ಆ ಕಾಮಗಾರಿಯ ಎಸ್ಟಿಮೇಟ್, ಅಳತೆ ಪುಸ್ತಕ (ಮಾಡಿದ ಕೆಲಸದ ಅಳತೆ ಬರೆದಿಡುವ ದಾಖಲೆ), ಬಿಲ್ಲುಗಳ ಪ್ರತಿ ಕೇಳಿ. ‘ಏಕೆ ಕಳಪೆ?’ ಎಂದು ಕೇಳಬೇಡಿ. ಕಾನೂನು ಕೊಡಿಸುವುದು ಇರುವ ದಾಖಲೆಯನ್ನು, ವಿವರಣೆಯನ್ನಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ದೂರನ್ನು ಕನ್ನಡದಲ್ಲೇ ಬರೆಯಿರಿ, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಾದ ನಮಗೆ ಆ ಹಕ್ಕು ಕೊಟ್ಟಿದೆ.

ಗುಂಪಿನಲ್ಲಿ ಯಾರನ್ನೂ ಕಳ್ಳ ಎನ್ನಬೇಡಿ. ಮಾನನಷ್ಟದ ನೋಟಿಸ್ ಒಂದು ಬಂದರೆ ಅರ್ಧ ಜನ ಹೊರಹೋಗುತ್ತಾರೆ. ಎಸ್ಟಿಮೇಟಿನಲ್ಲಿ ಬರೆದ ರಸ್ತೆಯ ದಪ್ಪ ಮತ್ತು ರಸ್ತೆಯಲ್ಲಿ ಅಳೆದ ದಪ್ಪ, ಇವೆರಡನ್ನೂ ಫೋಟೋ ಸಮೇತ ಹಾಕಿ, ಮುಂದಿನ ಗ್ರಾಮಸಭೆಯಲ್ಲಿ ಒಟ್ಟಾಗಿ ಓದಿ.